ಪ್ರತಿಭೆಯೂ ಕೀಲಿಮಣೆಯೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕ ಮುಗಿಯುವುದು ಅತ್ತಿಬೆಲೆಯಲ್ಲಿ. ಆನೇಕಲ್ ತಾಲ್ಲೂಕಿನ ಹೋಬಳಿ ಕೇಂದ್ರವಾದ ಈ ಊರಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೀದಿಯ ಮಾತುಗಳು. ಮುಂದಕ್ಕೆ ಹೋದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಹಿಂದಕ್ಕೆ ತಿರುಗಿದರೆ ಬೊಮ್ಮಸಂದ್ರ, ಹೆಬ್ಬಗೋಡಿ, ಅವುಗಳಾಚೆ ಎಲೆಕ್ಟ್ರಾನಿಕ್ ಸಿಟಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 335 ಎಕರೆಯಲ್ಲಿ 1978ರಲ್ಲಿ ಅದಕ್ಕೆ ಬುನಾದಿ ಹಾಕಿಸಿದವರು ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ. ಇನ್ಫೊಸಿಸ್ 1994ರಲ್ಲಿ ಅಲ್ಲಿಗೆ ಬಂತು. ಈ ರಸ್ತೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇಂಥ ಹೆಸರುಗಳಿಂದ ಶುರುಮಾಡಿ ಇಂಥ ಹೆಸರುಗಳಲ್ಲೇ ಮುಗಿಸುತ್ತಾರೆ. ಆದರೆ ಅತ್ತಿಬೆಲೆಯ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟವರ ಹೆಸರು ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಮೂಡುತ್ತದಲ್ಲ, ಅದರ ಹಿಂದೆಯೂ ಒಂದು ಇತಿಹಾಸವಿದೆ. ನಿಜವಾದ ಪ್ರತಿಭಾವಂತ ಯಾರು ಎಂಬ ಹಳೆಯ ಪ್ರಶ್ನೆಯನ್ನು ಒರೆಗೆ ಹಚ್ಚಲು ಕಂಪನಿಗಳ ಏಳಿಗೆಯ ಕಥೆಗಿಂತ ಈ ಕಥೆಯೇ ಹೆಚ್ಚು ಒದಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಪ್ರತಿಭೆಯನ್ನು ಅಳೆಯಲು ನಾವು ಬಳಸಿಕೊಂಡು ಬಂದಿರುವ ಅಳತೆಗೋಲು ಬೆರಗು. ನಮ್ಮಿಂದಾಗದ್ದನ್ನು ಇನ್ನೊಬ್ಬರು ಕಣ್ಣೆದುರಿಗೇ ಮಾಡಿ ತೋರಿಸಿದರೆ ಅವರನ್ನು ಪ್ರತಿಭಾವಂತರೆಂದು ಒಪ್ಪಿಕೊಳ್ಳುತ್ತೇವೆ. ಆ ಅಳತೆಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರ ಪೈಕಿ ಶಕುಂತಲಾ ದೇವಿಯವರನ್ನು ಮೀರಿಸಿದವರು ಸಿಗುವುದು ಕಷ್ಟ. ಅವರು ಹುಟ್ಟಿದ್ದು 1929ರಲ್ಲಿ. ತಂದೆ ಸರ್ಕಸ್ಸಿನ ಕಲಾವಿದರು; ಕ್ರಮಬದ್ಧವಾದ ಶಾಲೆಯ ಓದು ಮಗಳಿಗೆ ದಕ್ಕಲೇ ಇಲ್ಲ. ಎಳೆಯ ವಯಸ್ಸಿನಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಲೆಕ್ಕ ಮಾಡಿ ತೋರಿಸಿದರು. 1977ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ತಲಾ 13 ಅಂಕಿಗಳ ಎರಡು ಸಂಖ್ಯೆಗಳನ್ನು ಗುಣಿಸಿ 28 ಸೆಕೆಂಡಿನಲ್ಲಿ 26 ಅಂಕಿಗಳ ಉತ್ತರ ಕೊಟ್ಟರು. ಉತ್ತರ ಸರಿಯಾಗಿತ್ತು; ಗಿನ್ನೆಸ್ ಪುಸ್ತಕ ಅದನ್ನು ದಾಖಲಿಸಿತು.

ಈ ಶಕ್ತಿ ಎಲ್ಲಿಂದ ಬಂತು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ 1988ರಲ್ಲಿ ಅವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ ಎಷ್ಟು ಎಂದು ಕೇಳಿ, ಆ ಸಂಖ್ಯೆಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ 395 ಎಂಬ ಉತ್ತರ ಬಂದಿತ್ತು. ಆದರೆ ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಸಾಮಾನ್ಯರ ವೇಗಕ್ಕಿಂತ ವಿಶೇಷವೇನೂ ಆಗಿರಲಿಲ್ಲ. 1990ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ತಿಳಿಯುವುದು ಇಷ್ಟು: ಅವರ ಮಿದುಳು ಎಲ್ಲದರಲ್ಲೂ ಮಿಂಚಿನಂತೆ ಓಡುತ್ತಿರಲಿಲ್ಲ, ಸಂಖ್ಯೆಗಳನ್ನು ಕಾಣುವ ಬಗೆಯೇ ಬೇರೆಯಾಗಿತ್ತು. ಆ ಕಾಣ್ಕೆ ಮಾತ್ರ ಇನ್ನೊಬ್ಬರಿಗೆ ದಾಟಲಿಲ್ಲ. 2013ರಲ್ಲಿ ಅವರು ತೀರಿಕೊಂಡಾಗ ಅದೂ ಅವರೊಂದಿಗೇ ಹೋಯಿತು. ಉಳಿದದ್ದು ಅವರು ಬರೆದ ಪುಸ್ತಕಗಳು. ಲೆಕ್ಕವೆಂದರೆ ಹೆದರುವ ಮಕ್ಕಳಿಗೆ ಸಂಖ್ಯೆಗಳೊಂದಿಗೆ ಸಲಿಗೆ ಬೆಳೆಸಿದ ಆ ಪುಸ್ತಕಗಳಿಗೆ ನಾವು ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ. ವೇದಿಕೆಯ ಮೇಲಿನ 28 ಸೆಕೆಂಡಿಗೇ ಚಪ್ಪಾಳೆಯೆಲ್ಲ ಮುಗಿದುಹೋಯಿತು.

ನನ್ನ ವಾದ ಇಲ್ಲಿಂದ ಹೊರಡುತ್ತದೆ. ಒಬ್ಬ ವ್ಯಕ್ತಿ ಬೇರೆ ಯಾರೂ ಮಾಡಲಾಗದ್ದನ್ನು ಮಾಡಿದ ಎಂಬುದು ಪ್ರತಿಭೆಯ ಅರ್ಧ ಗುರುತು. ಅವನ ನಂತರ, ಅವನಷ್ಟು ಶಕ್ತಿ ಇಲ್ಲದವರೂ ಹಿಂದೆ ಆಗದಿದ್ದ ಕೆಲಸವನ್ನು ಮಾಡಬಲ್ಲವರಾದರೇ ಎಂಬುದು ಇನ್ನರ್ಧ, ಮತ್ತು ನನ್ನ ಮಟ್ಟಿಗೆ ದೊಡ್ಡ ಅರ್ಧ. ಕನ್ನಡ ನಾಡಿಗೆ ಇದು ಹೊಸ ಮಾತೂ ಅಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದ. ದೊಡ್ಡ ಗಣಿತಜ್ಞ, ಅದರಲ್ಲಿ ಸಂದೇಹವಿಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದ. ಅಂಗಡಿಯವನಿಗೆ, ಹೊಲ ಅಳೆಯುವವನಿಗೆ ಬೇಕಾದ ಲೆಕ್ಕ ಅವನ ಭಾಷೆಯಲ್ಲೇ ಸಿಕ್ಕಿತು. ಗಣಿತದ ಚರಿತ್ರೆಯಲ್ಲಿ ಮಹಾವೀರನಿಗೆ ಸಿಗುವ ಪುಟಗಳು ರಾಜಾದಿತ್ಯನಿಗೆ ಸಿಗುವುದಿಲ್ಲ. ಸಿಗಬೇಕಿತ್ತು ಎಂದು ನಂಬುವವರಲ್ಲಿ ನಾನೂ ಒಬ್ಬ.

ಈಗ ಅಕ್ಷರಗಳ ವಿಷಯಕ್ಕೆ ಬರೋಣ. ಕನ್ನಡವನ್ನು ಯಂತ್ರಕ್ಕೆ ಇಳಿಸುವುದು 200 ವರ್ಷಗಳ ಹೆಣಗಾಟ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಸೆರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರ ಸಮಾಚಾರವನ್ನು ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲೇ ಮುದ್ರಿಸಬೇಕಾಯಿತು. ಮೊಳೆಯಚ್ಚು ಬಂದ ಮೇಲೆ ಕಷ್ಟದ ರೂಪ ಬದಲಾಯಿತು, ಕಷ್ಟ ತಪ್ಪಲಿಲ್ಲ. ವರ್ಣಮಾಲೆಯಲ್ಲಿ ಐವತ್ತರಷ್ಟೇ ಅಕ್ಷರಗಳಿದ್ದರೂ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡದ ರೂಪಗಳು ಸಾವಿರಗಟ್ಟಲೆ. ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳ ಪೆಟ್ಟಿಗೆ. ಯಾವ ಗೂಡಿನಲ್ಲಿ ಯಾವ ಒತ್ತು ಇದೆ ಎಂಬುದು ಅವನ ಕೈಗೆ ಗೊತ್ತಿರಬೇಕು, ಅದೂ ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿ ಇರುವಾಗ. ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದನ್ನು ನೆನೆಯುವಾಗ ಕಿಟೆಲರ ವಿದ್ವತ್ತನ್ನು ಹೊಗಳುತ್ತೇವೆ, ಆ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಕೂರಿಸಿದ ಕೈಗಳನ್ನು ಮರೆಯುತ್ತೇವೆ. ಬೆರಳಚ್ಚು ಯಂತ್ರದಲ್ಲಿ ಇನ್ನೂ ಇಕ್ಕಟ್ಟು. ಅಲ್ಲಿರುವ ಕೀಲಿಗಳೇ ನಲವತ್ತೈದರ ಆಸುಪಾಸು. ಅಕ್ಷರಗಳನ್ನು ತುಂಡರಿಸಿ, ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ ಇಟ್ಟು, ಬೆರಳಚ್ಚುಗಾರರು ಅವನ್ನು ಹಾಳೆಯ ಮೇಲೆ ಮತ್ತೆ ಕೂಡಿಸುತ್ತಿದ್ದರು. ತಿಂಗಳುಗಟ್ಟಲೆ ತಾಲೀಮಿಲ್ಲದೆ ಅದು ಕೈಗೆ ಹತ್ತುವ ವಿದ್ಯೆಯಾಗಿರಲಿಲ್ಲ.

ಈ ಎರಡು ವಿಧಾನಗಳಲ್ಲೂ ಬರೆಯುವವನು ಕಣ್ಣಿಗೆ ಕಾಣುವ ಆಕಾರವನ್ನು ಜೋಡಿಸುತ್ತಾನೆ. ಕಿವಿಗೆ ಕೇಳುವ ಕ್ರಮ ಬೇರೆ, ಕಣ್ಣಿಗೆ ಕಾಣುವ ಕ್ರಮ ಬೇರೆ ಎಂಬುದೇ ಕನ್ನಡ ಲಿಪಿಯ ತೊಡಕಿನ ಗಂಟು. ‘ಅತ್ತಿಬೆಲೆ’ ಎನ್ನುವಾಗ ಕಿವಿಗೆ ಮೊದಲು ಅರ್ಧ ತಕಾರ, ಆಮೇಲೆ ‘ತಿ’ ಕೇಳುತ್ತದೆ. ಕಾಗದದ ಮೇಲೆ ಮೊದಲು ‘ತಿ’ ನಿಲ್ಲುತ್ತದೆ, ಒತ್ತು ಅದರ ಕೆಳಗೆ ಆಮೇಲೆ ಬರುತ್ತದೆ. ‘ಕರ್ನಾಟಕ’ದಲ್ಲಿ ನಾಲಗೆ ರಕಾರವನ್ನು ಮೊದಲು ನುಡಿದು ‘ನಾ’ ಅನ್ನು ಆಮೇಲೆ ನುಡಿಯುತ್ತದೆ. ಬರವಣಿಗೆಯಲ್ಲಿ ಅರ್ಕಾವೊತ್ತು ‘ನಾ’ ಆದ ಮೇಲೆ ಕೂರುತ್ತದೆ. ಕಂಪ್ಯೂಟರ್ ಬಂದ ಹೊಸದರಲ್ಲಿ ಹಲವರು ಬೆರಳಚ್ಚಿನ ದಾರಿಯನ್ನೇ ಹಿಡಿದು, ಆಕಾರದ ತುಂಡುಗಳಿಗೆ ಕೀಲಿ ಹಂಚಿದರು. ಕಿನ್ನಿಕಂಬಳದ ಪದ್ಮನಾಭ ರಾಯರು, ಅಂದರೆ ಕೆ.ಪಿ. ರಾವ್, ಆ ದಾರಿಯನ್ನು ಬಿಟ್ಟರು. ಬರೆಯುವವನು ನುಡಿಯುವ ಕ್ರಮದಲ್ಲೇ ಒತ್ತುತ್ತ ಹೋಗಲಿ, ಆಕಾರ ಕಟ್ಟುವ ಹೊಣೆ ಯಂತ್ರದ್ದಾಗಲಿ ಎಂದರು. ಅವರ ವಿನ್ಯಾಸದಲ್ಲಿ ಇಂಗ್ಲಿಷಿನ ಮಾಮೂಲಿ ಕೀಲಿಮಣೆಯ 26 ಅಕ್ಷರಗಳೇ ಸಾಕು. ಎ ಒತ್ತಿದರೆ ‘ಅ’, ಟಿ ಒತ್ತಿದರೆ ‘ತ’. ಮುಂದಿನ ಎಫ್ ಕೀಲಿ ಒತ್ತಿಗೆ ಮೀಸಲು, ಅದು ‘ತ’ವನ್ನು ‘ತ್’ ಮಾಡಿ ಕಾಯುತ್ತದೆ. ಮತ್ತೆ ಟಿ ಒತ್ತಿದರೆ ‘ತ್ತ’, ಐ ಒತ್ತಿದರೆ ‘ತ್ತಿ’. ಬಿ, ಇ, ಎಲ್, ಇ ಒತ್ತಿದರೆ ‘ಬೆಲೆ’. ಒಂಬತ್ತು ಒತ್ತುಗಳಲ್ಲಿ ಊರಿನ ಹೆಸರು ಮುಗಿಯಿತು. ಒತ್ತಕ್ಷರ ಎಲ್ಲಿ ಕೂರಬೇಕೆಂದು ಬರೆದವರು ಯೋಚಿಸಲೇ ಇಲ್ಲ.

ಒಳಗೆ ಇಣುಕಿದರೆ ವಿನ್ಯಾಸದ ಸೂಕ್ಷ್ಮ ಇನ್ನೂ ತಿಳಿಯುತ್ತದೆ. ಅಲ್ಪಪ್ರಾಣ ಸಾದಾ ಕೀಲಿಯಲ್ಲಿ, ಅದರ ಮಹಾಪ್ರಾಣ ಅದೇ ಕೀಲಿಯ ಶಿಫ್ಟಿನಲ್ಲಿ: ಕ-ಖ ಒಂದೇ ಮನೆ, ತ-ಥ ಒಂದೇ ಮನೆ. ಹ್ರಸ್ವ ದೀರ್ಘಗಳಿಗೂ ಅದೇ ನಿಯಮ. ಟಿ, ಡಿ ಕೀಲಿಗಳು ತವರ್ಗಕ್ಕೆ ಹೋದ್ದರಿಂದ ಟ, ಡ ಅಕ್ಷರಗಳು ಕನ್ನಡಕ್ಕೆ ಬೇಡದ ಕ್ಯೂ, ಡಬ್ಲ್ಯೂಗಳಿಗೆ ಹೋದವು. ಸ್ವರ ಒಂಟಿಯಾಗಿ ಬಂದರೂ ವ್ಯಂಜನದ ಮೇಲೆ ಗುಣಿತವಾಗಿ ಬಂದರೂ ಕೀಲಿ ಒಂದೇ, ಏಕೆಂದರೆ ಕಿವಿಗೆ ಅವೆರಡೂ ಒಂದೇ ಸ್ವರ. ಇದು ಕೇಶಿರಾಜನ ಶಬ್ದಮಣಿದರ್ಪಣ ಓದಿದವರಿಗೆ ಪರಿಚಿತವಾದ ಜಗತ್ತು. 1940ರಲ್ಲಿ ಮಂಗಳೂರಿನ ಹತ್ತಿರ ಹುಟ್ಟಿದ ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು. ಸಿಂಧೂ ಲಿಪಿಯನ್ನು ಐರಾವತಂ ಮಹಾದೇವನ್ ಕಂಪ್ಯೂಟರಿನ ನೆರವಿನಿಂದ ಪಟ್ಟಿ ಮಾಡುತ್ತಿದ್ದ ಕೆಲಸದಲ್ಲಿ ಕೈಜೋಡಿಸಿದವರು. ಮುಂದೆ ಅಚ್ಚಿನ ಅಕ್ಷರಗಳ ಉದ್ಯಮದಲ್ಲೂ ದುಡಿದವರು. ಮೊಳೆಯ ಜಗತ್ತು, ವ್ಯಾಕರಣ, ಗಣಕ ಮೂರೂ ಒಬ್ಬರ ತಲೆಯಲ್ಲಿ ಕೂಡಿದ್ದು ಆಕಸ್ಮಿಕವಿರಬಹುದು. ಕೂಡಿದ ಮೇಲೆ ಅವರು ಮಾಡಿದ ಆಯ್ಕೆ ಆಕಸ್ಮಿಕವಲ್ಲ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು, ಅದನ್ನು ಬಳಸುವವರಿಗೆ ಬಿಟ್ಟಿಯಾಗಿ ಕೊಟ್ಟರು. ಕೀಲಿಮಣೆಯ ವಿನ್ಯಾಸದ ಮೇಲೆ ಹಕ್ಕು ಸಾಧಿಸಲಿಲ್ಲ. ಕನ್ನಡ ಗಣಕ ಪರಿಷತ್ತು ಅದನ್ನು ಅಲ್ಪಸ್ವಲ್ಪ ತಿದ್ದಿ ಮುಂದಿಟ್ಟಿತು, ಸರ್ಕಾರ ಅದನ್ನೇ ರಾಜ್ಯದ ಪ್ರಮಾಣಿತ ವಿನ್ಯಾಸವೆಂದು ಒಪ್ಪಿತು, ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೆ ಹೋಯಿತು. ಅದೇ ವರ್ಷಗಳಲ್ಲಿ ‘ಭೂಮಿ’ ಯೋಜನೆಯಡಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಬಂದವು. ಕನ್ನಡ ಒತ್ತಬಲ್ಲ ಬೆರಳುಗಳು ಆಗ ಸಾವಿರಗಟ್ಟಲೆ ಬೇಕಾಗಿದ್ದವು, ಅಂದಿನಿಂದ ಬೇಕಾಗುತ್ತಲೇ ಇವೆ.

ಇಲ್ಲಿ ಒಂದು ಆಕ್ಷೇಪಕ್ಕೆ ನೇರವಾಗಿ ಉತ್ತರಿಸಬೇಕು. ರಾಯರಿಲ್ಲದಿದ್ದರೂ ಇದು ಆಗುತ್ತಿತ್ತಲ್ಲವೇ? ಧ್ವನಿಯ ಕ್ರಮದಲ್ಲಿ ಒತ್ತುವ ವಿಚಾರ ಅವರೊಬ್ಬರದ್ದಲ್ಲ, ನಿಜ. ಕಾನ್ಪುರದ ಐಐಟಿಯಲ್ಲಿ ಮೊಳೆತು ಕೇಂದ್ರ ಸರ್ಕಾರದ ಪ್ರಮಾಣವಾದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಭಾರತದ ಹಲವು ಲಿಪಿಗಳಿಗೆ ಅದೇ ತತ್ತ್ವವನ್ನು ಅನ್ವಯಿಸಿತ್ತು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಲಿಪ್ಯಂತರದ ದಾರಿ ಹಿಡಿದು ಹೊರನಾಡಿನ ಕನ್ನಡಿಗರ ಮನೆಮನೆಗೆ ಕನ್ನಡ ಬರವಣಿಗೆಯನ್ನು ತಲುಪಿಸಿತು. ಅತ್ತಿಬೆಲೆಯ ಗಡಿಯಾಚೆ, 1999ರಲ್ಲಿ ಚೆನ್ನೈಯಲ್ಲಿ ನಡೆದ ಸಮ್ಮೇಳನದ ನಂತರ ತಮಿಳುನಾಡು ಸರ್ಕಾರ ತಮಿಳ್99 ಎಂಬ ವಿನ್ಯಾಸವನ್ನು ಒಪ್ಪಿತು. ಅದರಲ್ಲಿ ಒಂದೇ ವ್ಯಂಜನವನ್ನು ಎರಡು ಸಲ ಒತ್ತಿದರೆ ಮೊದಲನೆಯದಕ್ಕೆ ಪುಳ್ಳಿ, ಅಂದರೆ ಅರ್ಧಾಕ್ಷರದ ಚುಕ್ಕೆ, ತಾನೇ ಬೀಳುತ್ತದೆ. ಬಹಳ ಚೆಂದದ ಯುಕ್ತಿ ಅದು. ಆದರೆ ಕನ್ನಡಕ್ಕೆ ಅದನ್ನು ಹಾಗೆಯೇ ತಂದರೆ ದಿನಕ್ಕೆ ನೂರು ಸಲ ಬರೆಯುವ ‘ನನಗೆ’ ಎಂಬ ಪದವೇ ‘ನ್ನಗೆ’ ಆಗಿಬಿಡುತ್ತದೆ. ಹೀಗೆ ಒಂದೇ ಹೊತ್ತಿನಲ್ಲಿ ಹಲವರು ಒಂದೇ ಗಂಟನ್ನು ಬಿಚ್ಚುತ್ತಿದ್ದರು. ಇದರಿಂದ ರಾಯರ ಪ್ರತಿಭೆ ಕುಗ್ಗುತ್ತದೆಯೇ? ಕುಗ್ಗುವುದಿಲ್ಲ. ಎಲ್ಲರಿಗೂ ಗೋಚರಿಸತೊಡಗಿದ್ದ ತತ್ತ್ವವನ್ನು ಈ ಭಾಷೆಗೆ, ಈ ಬೆರಳುಗಳಿಗೆ, ಅಂಗಡಿಯಲ್ಲಿ ಸಿಗುವ ಈ ಕೀಲಿಮಣೆಗೆ ಹೊಂದುವಂತೆ ಮಾಡುವುದು ತತ್ತ್ವವನ್ನು ಕಾಣುವುದಕ್ಕಿಂತ ಸಣ್ಣ ಕೆಲಸವಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಸ್ವರಕ್ಕೂ ಗುಣಿತಕ್ಕೂ ಬೇರೆ ಬೇರೆ ಜಾಗ. ಅಕ್ಷರಗಳ ಸ್ಥಾನವನ್ನೆಲ್ಲ ಹೊಸದಾಗಿ ಕಲಿಯಬೇಕು. ರಾಯರ ವಿನ್ಯಾಸವನ್ನು ಕಲಿಯುವವರು ಕ್ಯೂ, ಡಬ್ಲ್ಯೂ, ಎಫ್, ಎಕ್ಸ್‌ನಂಥ ಕೆಲವನ್ನು ನೆನಪಿಟ್ಟುಕೊಂಡರೆ ಸಾಕು.

ಇಂಗ್ಲಿಷ್ ಗೊತ್ತಿದ್ದವರಿಗೆ ಮಾತ್ರ ಇದು ಸುಲಭ, ಕನ್ನಡಕ್ಕೆ ಇಂಗ್ಲಿಷಿನ ಹಂಗೇಕೆ ಎಂದು ಕೇಳುವವರಿದ್ದಾರೆ. ಇದರಲ್ಲಿ ನ್ಯಾಯವಿದೆ. ತತ್ತ್ವದ ದೃಷ್ಟಿಯಿಂದ ಇನ್‌ಸ್ಕ್ರಿಪ್ಟ್ ಹೆಚ್ಚು ಸ್ವತಂತ್ರ, ಒಂದು ಭಾರತೀಯ ಲಿಪಿಯಲ್ಲಿ ಕಲಿತರೆ ಇನ್ನೊಂದಕ್ಕೂ ಆಗುತ್ತದೆ. ಆದರೆ ಕನ್ನಡ ಅಕ್ಷರ ಕೊರೆದ ಕೀಲಿಮಣೆ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಕಚೇರಿಗೆ ಬಂದ ಯಂತ್ರದ ಮೇಲೆ ಇದ್ದದ್ದು ಇಂಗ್ಲಿಷ್ ಅಕ್ಷರ. ಇರುವ ಸಲಕರಣೆಯಲ್ಲೇ ಇವತ್ತು ಕೆಲಸ ಶುರುವಾಗಬೇಕು ಎಂದು ಹೊರಟವರಿಗೆ ಆ ಅಕ್ಷರಗಳು ಬರೀ ಗುರುತುಗಳು, ಒಳಗಿನ ವ್ಯವಸ್ಥೆ ಪೂರ್ತಿ ಕನ್ನಡದ್ದೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ಅನುಕೂಲ ಮಾಡಿಕೊಡುವುದು ಬೇರೆ, ಪ್ರತಿಭೆ ಬೇರೆ. ಉಪಯೋಗವನ್ನೇ ಅಳತೆಗೋಲು ಮಾಡಿಕೊಂಡರೆ ಶ್ರೀನಿವಾಸ ರಾಮಾನುಜನ್ ಎಲ್ಲಿ ನಿಲ್ಲುತ್ತಾರೆ? ಅವರ ಸೂತ್ರಗಳಿಂದ ಯಾವ ಗುಮಾಸ್ತನಿಗೆ ಏನು ಉಪಯೋಗವಾಯಿತು? ನನ್ನ ಉತ್ತರ: ನಾನು ಕೇಳುತ್ತಿರುವುದು ಉಪಯೋಗವನ್ನಲ್ಲ, ದಾಟುವಿಕೆಯನ್ನು. 1920ರಲ್ಲಿ 32ನೆಯ ವಯಸ್ಸಿಗೇ ತೀರಿಕೊಂಡ ರಾಮಾನುಜನ್ ಸಾಧನೆಯ ವಿವರವನ್ನು ಬಿಟ್ಟು ಫಲಿತಾಂಶಗಳನ್ನಷ್ಟೇ ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟರು. 1976ರಲ್ಲಿ ಜಾರ್ಜ್ ಆಂಡ್ರ್ಯೂಸ್ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಅವರ ಕಡೆಯ ದಿನಗಳ ಹಾಳೆಗಳನ್ನು ಕಂಡರು. ಬ್ರೂಸ್ ಬರ್ನ್‌ಟ್ ನೋಟ್‌ಪುಸ್ತಕಗಳ ಒಂದೊಂದು ಸೂತ್ರಕ್ಕೂ ಸಾಧನೆ ಒದಗಿಸಿ ಐದು ಸಂಪುಟ ಹೊರತಂದರು. ರಾಮಾನುಜನ್‌ಗೆ ಹೊಳೆದದ್ದು ಬೇರೆಯವರಿಗೆ ಹೊಳೆಯುತ್ತಿರಲಿಲ್ಲ. ಆದರೆ ಹೊಳೆದ ಮೇಲೆ ಅದರ ಬೆಳಕಿನಲ್ಲಿ ಬೇರೆಯವರು ನೂರು ವರ್ಷ ನಡೆದಿದ್ದಾರೆ. ನನ್ನ ಅಳತೆಯಲ್ಲಿ ಅವರು ಸಲೀಸಾಗಿ ಗೆಲ್ಲುತ್ತಾರೆ. ಸೋಲುವುದು ಪ್ರದರ್ಶನಕ್ಕೇ ಮುಗಿದುಹೋಗುವ ಶಕ್ತಿ. ಇನ್ನು, ಅನುಕೂಲವೆಲ್ಲ ಪ್ರತಿಭೆಯಲ್ಲ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ತೊಡಕಿನ ಮೂಲ ಎಲ್ಲಿದೆ ಎಂದು ಕಂಡು ಅಲ್ಲಿಗೇ ಕೈ ಹಾಕಬೇಕು. ಬೆರಳಚ್ಚಿನ ಕೀಲಿಗಳನ್ನು ಇನ್ನಷ್ಟು ಹೆಚ್ಚಿಸಿದ್ದರೆ ಅದೂ ಒಂದು ಅನುಕೂಲವೇ ಆಗುತ್ತಿತ್ತು. ಆಕಾರ ಕಟ್ಟುವುದು ಮನುಷ್ಯನ ಕೆಲಸವೇ ಅಲ್ಲ ಎಂದು ತೀರ್ಮಾನಿಸುವುದಕ್ಕೆ ಬೇರೆಯೇ ಕಣ್ಣು ಬೇಕು.

ಇಂಥ ಪ್ರತಿಭೆಯನ್ನು ಗುರುತಿಸುವುದು ಕಷ್ಟ ಏಕೆಂದರೆ, ಗೆದ್ದ ಮರುಗಳಿಗೆಯೇ ಅದು ಎಲ್ಲರ ಸೊತ್ತಾಗಿ ಸಾಮಾನ್ಯವಾಗಿಬಿಡುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೆ.ಪಿ. ರಾಯರಿಗೆ ನಾಡೋಜ ಗೌರವ ಕೊಟ್ಟಿತು, ಅದು ಸಂತೋಷದ ಮಾತು. ಆದರೂ ಅವರ ವಿನ್ಯಾಸದಲ್ಲಿ ದಿನವಿಡೀ ಬೆರಳಾಡಿಸುವವರಲ್ಲಿ ಎಷ್ಟೋ ಮಂದಿಗೆ ಅದು ‘ನುಡಿ ಕೀಬೋರ್ಡ್’ ಮಾತ್ರ, ಅದರ ಹಿಂದೆ ಒಬ್ಬ ಮನುಷ್ಯ ಇದ್ದಾರೆಂಬ ಕಲ್ಪನೆಯೂ ಇಲ್ಲ. ನಮ್ಮ ತಾಲ್ಲೂಕು ತಾಲ್ಲೂಕುಗಳಲ್ಲಿ ಪ್ರತಿವರ್ಷ ನಡೆಯುವ ಪ್ರತಿಭಾ ಪುರಸ್ಕಾರ ಸಮಾರಂಭಗಳಲ್ಲಿ ಅಂಕಪಟ್ಟಿ ನೋಡಿ ಶಾಲು ಹೊದಿಸುತ್ತೇವೆ. ಆ ಮಕ್ಕಳು ಕಷ್ಟಪಟ್ಟು ಓದಿದವರು, ಗೌರವ ಸಲ್ಲಲೇಬೇಕು. ತನ್ನ ತರಗತಿಯ ಹಿಂದಿನ ಬೆಂಚಿನವರಿಗೂ ಅರ್ಥವಾಗುವಂತೆ ಒಂದು ಲೆಕ್ಕವನ್ನು ಬಿಡಿಸಿ ಹೇಳಿದ ಹುಡುಗಿಗೆ ಮಾತ್ರ ಆ ವೇದಿಕೆಯಲ್ಲಿ ಜಾಗವೇ ಇಲ್ಲ. ಹಾಗೆ ಹೇಳಿಕೊಡಬಲ್ಲವಳಿಗೂ ಒಂದು ಶಾಲು ಇರಲಿ ಎಂದು ಯಾವುದಾದರೂ ಒಂದು ಶಾಲೆ ಶುರುಮಾಡಿದರೆ ಸಾಕು, ಉಳಿದವು ಹಿಂಬಾಲಿಸುತ್ತವೆ ಎಂಬ ನಂಬಿಕೆ ನನಗಿದೆ.

ಕಡೆಯ ಆಕ್ಷೇಪ ಕಾಲದ್ದು. ಈಗ ಮೊಬೈಲಿಗೆ ಬಾಯಲ್ಲಿ ಹೇಳಿದರೆ ಕನ್ನಡ ತಾನೇ ಮೂಡುತ್ತದೆ; ಕೀಲಿಮಣೆಯೇ ಮರೆಯಾದರೆ ಕೀಲಿಮಣೆಯ ಪ್ರತಿಭೆಯೂ ಮರೆಯಾಯಿತಲ್ಲ? ರಾಯರ ವಿನ್ಯಾಸಕ್ಕೆ ಒಂದು ದಿನ ಹಾಗೆ ಆಗಬಹುದು, ಮೊಳೆ ಪೆಟ್ಟಿಗೆಗೆ ಆಗಲೇ ಆಗಿದೆ. ಆದರೆ ಅವರೂ ಅವರ ಕಾಲದ ಉಳಿದವರೂ ಹಿಡಿದ ಎಳೆ ಹರಿದಿಲ್ಲ. 1991ರ ಯೂನಿಕೋಡ್ ಪ್ರಮಾಣ ಕನ್ನಡವನ್ನು ಸಂಗ್ರಹಿಸುವುದು ನುಡಿಯುವ ಕ್ರಮದಲ್ಲೇ. ‘ಅತ್ತಿಬೆಲೆ’ ಎಂದು ಕೈಯಲ್ಲಿ ಒತ್ತಿದರೂ ಫೋನಿಗೆ ಕೂಗಿ ಹೇಳಿದರೂ ಯಂತ್ರದೊಳಗೆ ಅದು ಅ, ತ, ಅರ್ಧಾಕ್ಷರದ ಚಿಹ್ನೆ (ವಿರಾಮ), ತ, ಇಕಾರದ ಗುಣಿತ ಎಂದು ಮೊದಲಾಗುವ ಸಾಲಿನಲ್ಲೇ ಕೂರುತ್ತದೆ. ಪದ ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು, ಕುರುಡರಿಗೆ ಓದಿ ಹೇಳುವ ತಂತ್ರಾಂಶ, ಎಲ್ಲವೂ ಆ ಸಾಲನ್ನೇ ನಂಬಿಕೊಂಡಿವೆ.